ಕಲೆಕ್ಟರ್ ಕಾಯಿ ಕೊಡಿಸಿದ ಮೊದಲ ಕೆಲಸ

ಇಂಟರ್‌ನೆಟ್ಟಿನಲ್ಲಿ ಕೆಲಸ ಕೇಳಿ ನಾನು ಹಾಕಿದ ಮೊದಲ ಮೂವತ್ತು ಚಿಲ್ಲರೆ ಅರ್ಜಿಗಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಬೇಡ ಅಂದಿದ್ದರೂ ಎಷ್ಟೋ ಸಮಾಧಾನವಾಗುತ್ತಿತ್ತು. ಬೆಳಿಗ್ಗೆ ಗಂಡನನ್ನು ಫ್ಯಾಕ್ಟರಿಗೆ, ಮಗಳನ್ನು ಶಾಲೆಗೆ ಕಳಿಸಿ ಕಂಪ್ಯೂಟರ್ ಹಚ್ಚುವುದು, ಏನೂ ಬಂದಿಲ್ಲ ಅಂತ ನೋಡುವುದು, ಮತ್ತೆ ಎರಡು ಅರ್ಜಿ ಹಾಕಿ ಆರಿಸುವುದು. ಎರಡು ತಿಂಗಳು ಹೀಗೇ ನಡೆಯಿತು.

ನನ್ನ ತವರು ಮಾಲೂರಿನ ಕಡೆ. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದ ಮೇಲೆ ತಾಲ್ಲೂಕು ಕಚೇರಿಯ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷ ಟೈಪಿಂಗ್ ಮಾಡಿದೆ. ಪಹಣಿ ತಿದ್ದುಪಡಿ, ಪಿಂಚಣಿ, ಜಾತಿ ಪ್ರಮಾಣಪತ್ರ, ಹೀಗೆ ಜನ ಬಾಯಲ್ಲಿ ಹೇಳುತ್ತಿದ್ದರು, ನಾನು ಅರ್ಜಿ ಮಾಡಿ ಕೊಡುತ್ತಿದ್ದೆ. ಬರಬರುತ್ತಾ ಅರ್ಜಿಗಳೆಲ್ಲ ಆನ್‌ಲೈನ್ ಆದವು. ಅಂಗಡಿಯಲ್ಲಿ ಇಬ್ಬರಿಗೆ ಕೆಲಸ ಉಳಿಯಲಿಲ್ಲ. ಅಂಗಡಿಯ ಮಾಲೀಕರನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವರು ಒಂದು ದಿನ ತಲೆ ತಗ್ಗಿಸಿಕೊಂಡು ಆ ಮಾತು ಹೇಳಿದರು. ಹೇಳಿದ ವಾರಕ್ಕೆ ನಾನು ಕೂರುತ್ತಿದ್ದ ಕಂಪ್ಯೂಟರನ್ನೇ ಆಟೋದಲ್ಲಿ ಹಾಕಿಸಿಕೊಂಡು ನಮ್ಮ ಮನೆಗೆ ಬಂದರು. "ನಿನ್ ಕೈಗೆ ಒಗ್ಗಿರೋದು. ಇಟ್ಕೋಮ್ಮ, ಏನಕ್ಕಾದ್ರೂ ಆಗುತ್ತೆ," ಅಂದರು.

ಮನೆಯಲ್ಲೇ ಕೂತು ಮಾಡುವ ಕೆಲಸಗಳು ಕೆಲವು ಜಾಲತಾಣಗಳಲ್ಲಿ ಸಿಗುತ್ತವೆ ಎಂದು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ತಿಳಿದುಕೊಂಡಿದ್ದೆ. ಕೆಲಸ ಇರುವವರು ಬೇಕಾದ್ದನ್ನು ಅಲ್ಲಿ ಬರೆದು ಹಾಕುತ್ತಾರೆ. ಮಾಡುವವರು ಅರ್ಜಿ ಹಾಕಬೇಕು. ಹಿಂದೆ ಮಾಡಿಸಿಕೊಂಡವರು ಕೊಟ್ಟ ನಕ್ಷತ್ರಗಳನ್ನೂ ನಾಲ್ಕು ಮಾತುಗಳನ್ನೂ ನೋಡಿ ಕೆಲಸ ಕೊಡುವವರು ಆರಿಸುತ್ತಾರೆ. ನನ್ನ ಹೆಸರಿನ ಮುಂದೆ ಒಂದು ನಕ್ಷತ್ರವೂ ಇರಲಿಲ್ಲ. ನಕ್ಷತ್ರವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ನಕ್ಷತ್ರ ಎಲ್ಲಿಂದ ಬರಬೇಕು?

ಒಂದು ದಿನ ರೇಷನ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಅಂಗಡಿಗೆ ಹೋದಾಗ ಅಣ್ಣ ವಿಚಾರಿಸಿದರು. ಬೇಸರವನ್ನೆಲ್ಲ ಹೇಳಿಕೊಂಡೆ. "ಏನು ಬರೀತೀಯ, ತೋರ್ಸು," ಅಂದರು. ಫೋನಿನಲ್ಲಿ ತೆಗೆದು ಕೊಟ್ಟೆ. ಇಂಗ್ಲಿಷ್ ಅವರಿಗೆ ಓದುವಷ್ಟು ಬರುತ್ತದೆ. ಕನ್ನಡಕ ಹಣೆಗೇರಿಸಿ ನಿಧಾನವಾಗಿ ಓದಿದರು.

"ಏನಮ್ಮ ಇದು, ತಹಶೀಲ್ದಾರ್‌ಗೆ ಬರ್ದಂಗೆ ಬರ್ದಿದ್ದೀಯ?"

ನಿಜವೇ. 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ' ಎಂದು ಆರು ವರ್ಷ ಟೈಪ್ ಮಾಡಿದ ಕೈ ಅದು. ಅದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದೆ. ನಾನು ಶ್ರದ್ಧೆಯುಳ್ಳವಳು, ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ, ದಯಮಾಡಿ ಒಂದು ಅವಕಾಶ ಕೊಡಿ.

"ಎಷ್ಟು ಜನಕ್ಕೆ ಇದೇ ಕಾಗ್ದ ಕಳ್ಸಿದ್ದೀಯ?"

"ಎಲ್ಲಾರಿಗೂ ಅಣ್ಣ."

"ಇದ್ರಲ್ಲಿ ಎಲ್ಲಾ ನಿಂದೇ ಐತೆ. ನಾನು ಅಂಗೆ, ನಾನು ಇಂಗೆ, ನಂಗೆ ಕೊಡಿ. ಅವ್ರ ಕೆಲಸದ ಮಾತೇ ಇಲ್ವಲ್ಲಮ್ಮ. ನಿಂಗೆ ಬಂದು ಬೇರೆಯವ್ರಿಗೆ ಬಾರದೆ ಇರೋದು ಏನೈತೆ, ಅದನ್ನ ಹೇಳು."

ಟೈಪಿಂಗ್ ಅಂದೆ. ಅದು ಎಲ್ಲರಿಗೂ ಬರುತ್ತೆ ಅಂದರು.

"ರಾಯಲ್ಪಾಡು ಕಡೆಯೋರು ಬಂದು ಅರ್ಧ ತೆಲುಗಲ್ಲಿ ಅರ್ಧ ಕನ್ನಡದಲ್ಲಿ ಹೇಳ್ತಾ ಹೋದ್ರೆ, ನೀನು ಸುಮ್ನೆ ಕನ್ನಡದಲ್ಲಿ ಹೊಡ್ಕೊಂಡ್ ಹೋಗ್ತಿದ್ಯಲ್ಲ. ಇಲ್ಲೇ ಹುಟ್ಟಿ ಬೆಳ್ದಿರೋ ನಾನೇ ಎರಡೆರಡು ಸಲ ಕೇಳ್ಬೇಕು. ಅದು ಕೆಲಸ ಅಲ್ವಾ?"

ಅದನ್ನು ಕೆಲಸ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಮಾಲೂರಿನಿಂದ ಬಂದಾಗ ನನಗೆ ತೆಲುಗು ಬರುತ್ತಲೇ ಇರಲಿಲ್ಲ. ನಮ್ಮತ್ತೆಯ ತವರು ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನ ಹತ್ತಿರ. ಅವರು ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ. ಬೈಯುವುದಾದರೆ ಪೂರ್ತಿ ತೆಲುಗು. ಮೊದಲ ವರ್ಷ ನನಗೆ ಬೈದದ್ದೂ ತಿಳಿಯುತ್ತಿರಲಿಲ್ಲ, ಹೊಗಳಿದ್ದೂ ತಿಳಿಯುತ್ತಿರಲಿಲ್ಲ. ಅವರೊಂದಿಗೆ ರಾಗಿ ಹಸನು ಮಾಡುತ್ತಾ, ಹೂ ಕಟ್ಟುತ್ತಾ ಕಿವಿಗೆ ಬಿದ್ದದ್ದೇ ನನ್ನ ತೆಲುಗು.

ಮನೆಗೆ ಬಂದು ನನ್ನ ಪರಿಚಯವನ್ನು ಅಳಿಸಿ ಹೊಸದಾಗಿ ಬರೆದೆ. ಎಲ್ಲ ಕೆಲಸ ಮಾಡುತ್ತೇನೆ ಎನ್ನುವುದನ್ನು ತೆಗೆದೆ. ಕೋಲಾರದ ಗಡಿಯಲ್ಲಿ ಕನ್ನಡ, ತೆಲುಗು ಎರಡೂ ಬೆರೆತ ಮಾತನ್ನು ಕೇಳಿ, ಬರೆದು, ಸರಳ ಇಂಗ್ಲಿಷಿಗೆ ತರುತ್ತೇನೆ ಎಂದು ಮಾತ್ರ ಹಾಕಿದೆ. ಅಂಥ ಕೆಲಸಗಳು ದಿನಾ ಬರುವುದಿಲ್ಲ. ವಾರಕ್ಕೊಂದು ಕಂಡರೆ ಹೆಚ್ಚು. ಆದರೆ ಕಂಡದ್ದನ್ನು ಪೂರ್ತಿ ಓದಿ, ಅವರಿಗೇನು ಬೇಕು ಅಂತ ಅರ್ಥ ಮಾಡಿಕೊಂಡು, ಆಮೇಲೆ ಬರೆಯತೊಡಗಿದೆ. ಐದಾರು ಕಡೆ ಬರೆದೆ. ಒಬ್ಬರು ಉತ್ತರ ಕೊಟ್ಟರು. ಬೇರೆಯವರಿಗೆ ಕೊಟ್ಟುಬಿಟ್ಟೆವು, ನಿಮ್ಮ ಪತ್ರ ಚೆನ್ನಾಗಿತ್ತು, ಮಾದರಿಗೆ ಏನಾದರೂ ಮಾಡಿ ತೋರಿಸಿದ್ದರೆ ನಿಮ್ಮನ್ನೇ ಆರಿಸುತ್ತಿದ್ದೆವೇನೋ, ಅಂತ. ಮುಖ ಕಾಣದ ಆ ಮನುಷ್ಯರು ಎರಡು ನಿಮಿಷ ಬಿಡುವು ಮಾಡಿಕೊಂಡು ಹಾಗೆ ಬರೆದದ್ದಕ್ಕೆ ನಾನು ಇಂದಿಗೂ ಋಣಿ.

ಅದಾದ ಹತ್ತು ಹನ್ನೆರಡು ದಿನಕ್ಕೆ ಆ ಕೆಲಸ ಕಣ್ಣಿಗೆ ಬಿತ್ತು. ಹೊರದೇಶದಲ್ಲಿ ಓದುತ್ತಿದ್ದ ಒಬ್ಬ ಹೆಂಗಸು ಹಾಕಿದ್ದರು. ಎರಡು ರಾಜ್ಯಗಳ ಗಡಿಯಲ್ಲಿ ಮಾವು ಬೆಳೆಯುವವರ ಬಗ್ಗೆ ಆಕೆ ಅಧ್ಯಯನ ಮಾಡುತ್ತಿದ್ದರು. ಅವರ ಪರವಾಗಿ ಯಾರೋ ನಮ್ಮ ಕಡೆಯ ತೋಟಗಳಲ್ಲಿ ರೈತರ ಮಾತು ರೆಕಾರ್ಡ್ ಮಾಡಿ ಕಳಿಸಿದ್ದರು. ಆಕೆಗೆ ಕನ್ನಡವೂ ಬಾರದು, ತೆಲುಗೂ ಬಾರದು. ಯಂತ್ರಕ್ಕೆ ಹಾಕಿ ತರ್ಜುಮೆ ಮಾಡಿಸಿದರೆ ತಲೆಬುಡ ತಿಳಿಯಲಿಲ್ಲವಂತೆ. ಒಂದು ನಿಮಿಷದ ತುಣುಕನ್ನು ಕೇಳಲು ಇಟ್ಟಿದ್ದರು. ಜೊತೆಗೆ ಯಂತ್ರ ಕೊಟ್ಟ ಇಂಗ್ಲಿಷನ್ನೂ ಹಾಕಿದ್ದರು. ಅದರ ಅರ್ಥ ಹೀಗಿತ್ತು: 'ಗಾಳಿಗೆ ಕಲೆಕ್ಟರ್ ಪೂರ್ತಿ ಕುಸಿದುಬಿದ್ದರು. ಉಳಿದವರನ್ನು ಫ್ಯಾಕ್ಟರಿಗೆ ಹಾಕಿದೆವು.' ಅದರ ಕೆಳಗೆ ಆಕೆ ಕೇಳಿದ್ದರು, ಇದು ಯಾವುದಾದರೂ ಅಧಿಕಾರಿಯ ಮೇಲಿನ ದೂರೇ?

ತುಣುಕನ್ನು ಹಚ್ಚಿದೆ. ವಯಸ್ಸಾದ ಗಂಡಸಿನ ದನಿ. "ಗಾಲಿಕಿ ಕಲೆಕ್ಟರ್ ಅಂತಾ ರಾಲಿಪೋಯಿಂದಿ. ಉಳ್ದಿದ್ದನ್ನ ಫ್ಯಾಕ್ಟ್ರಿಗೆ ಹಾಕ್ಬಿಟ್ವಿ."

ನಾನು ಒಬ್ಬಳೇ ನಗತೊಡಗಿದೆ. ಅಡುಗೆಮನೆಯಿಂದ ಅತ್ತಮ್ಮ ಬಂದರು. "ಏನೇ, ಒಬ್ಳೇ ನಗ್ತಾ ಇದ್ದೀಯ?" ಹೇಳಿದೆ. ಅವರಿಗೆ ನಗು ಬರಲಿಲ್ಲ.

"ಕಲೆಕ್ಟರ್ ಕಾಯಿ ಉದುರಿದ್ರೆ ನಗ್ತಾರೇನೇ. ಪಾಪ, ಎಷ್ಟು ಮರ ಇದ್ವೋ."

ನಾನು ಬರೆದ ಅರ್ಜಿ ಏಳೆಂಟು ಸಾಲಿನದು. ಇವರು ಅಧಿಕಾರಿಯಲ್ಲ, ಮಾವಿನಕಾಯಿ. ತೋತಾಪುರಿ, ಗಿಣಿಮೂತಿ ಅಂತ ಕರೆಯುವ ಜಾತಿಗೆ ಈ ಗಡಿಯ ತೆಲುಗಿನಲ್ಲಿ ಕಲೆಕ್ಟರ್ ಅನ್ನುತ್ತಾರೆ. ಗಾಳಿಗೆ ಕಾಯೆಲ್ಲ ಉದುರಿಹೋಗಿದೆ. ಫ್ಯಾಕ್ಟರಿ ಅಂದರೆ ಹಣ್ಣಿನ ರಸ ತೆಗೆಯುವ ಕಾರ್ಖಾನೆ. ರೈತ ಮೊದಲ ವಾಕ್ಯವನ್ನು ತೆಲುಗಿನಲ್ಲೂ ಎರಡನೆಯದನ್ನು ಕನ್ನಡದಲ್ಲೂ ಹೇಳಿದ್ದಾನೆ, ಯಂತ್ರ ತಪ್ಪಿದ್ದು ಅದಕ್ಕೇ ಇರಬೇಕು. ಒಂದು ನಿಮಿಷದ ಪೂರ್ತಿ ಇಂಗ್ಲಿಷನ್ನು ಕೆಳಗೆ ಕೊಟ್ಟಿದ್ದೇನೆ. ನಾನು ಈ ತಾಣಕ್ಕೆ ಹೊಸಬಳು, ಇದು ನನ್ನ ಮೊದಲ ಕೆಲಸವಾಗುತ್ತದೆ. ಇಷ್ಟೇ. ದಯಮಾಡಿ ಅನ್ನುವ ಪದ ಬೆರಳ ತುದಿಗೆ ಬಂದಿತ್ತು, ಬಿಟ್ಟುಬಿಟ್ಟೆ.

ಮಾರನೆಯ ದಿನ ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಫೋನು ಗುಂಯ್ ಅಂತು. ಕೈಯೆಲ್ಲ ಸೊಗಡು ಅಂಟಿಕೊಂಡಿತ್ತು. ಸೆರಗಿಗೆ ಒರೆಸಿಕೊಂಡು ನೋಡಿದೆ. ಕೆಲಸ ನನಗೆ ಕೊಟ್ಟಿದ್ದರು. ಮೂರು ರೆಕಾರ್ಡಿಂಗು, ಒಂದು ವಾರದ ಗಡುವು. ಅತ್ತಮ್ಮನಿಗೆ ಹೇಳಿದರೆ "ಮಾವಿನ್ಕಾಯಿ ಹೆಸ್ರು ಹೇಳಿದ್ದಕ್ಕಾ?" ಅಂತ ಎರಡು ಸಲ ಕೇಳಿದರು.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕೂತೆ. ನಾಯಿ ಬೊಗಳುವುದು, ಟ್ರ್ಯಾಕ್ಟರ್ ಸದ್ದು, ನಡುವೆ ಯಾರೋ ಬಂದು ಕಾಫಿ ಕೊಡುವುದು, ಅದರೊಳಗಿಂದ ಮಾತನ್ನು ಹೆಕ್ಕಬೇಕು. ಒಂದೊಂದು ಸಾಲನ್ನು ಐದೈದು ಸಲ ಕೇಳಿದೆ. ನನ್ನ ಇಂಗ್ಲಿಷ್ ಅಲಂಕಾರದ್ದಲ್ಲ, ಆದರೆ ಹೇಳಿದ್ದನ್ನು ಹೇಳಿದಂತೆ ಬರೆದೆ. ಐದನೆಯ ದಿನಕ್ಕೆ ಕಳಿಸಿಬಿಟ್ಟೆ.

ಕಳಿಸಿದ ಮಾರನೆಯ ದಿನ ಖುಷಿಗೆ ಸುಮ್ಮನೆ ಒಂದು ರೆಕಾರ್ಡಿಂಗನ್ನು ಮತ್ತೆ ಹಚ್ಚಿದ್ದೆ, ಇಯರ್‌ಫೋನ್ ಹಾಕಿರಲಿಲ್ಲ. ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತಮ್ಮ ಕೇಳಿಸಿಕೊಂಡರು. ರೈತ ಹೇಳುತ್ತಿದ್ದ, "ಈ ಏಡು ಕಾಪು ಬಾಗಾಲೇದು."

"ಅಯ್ಯೋ ಪಾಪ, ಈ ವರ್ಷ ಮರ ಕಾಯೇ ಬಿಟ್ಟಿಲ್ವಂತೆ," ಅಂದರು.

"ಇಲ್ಲ ಅತ್ತಮ್ಮ. ಕಾವಲು ಸರಿಯಾಗಿರ್ಲಿಲ್ಲ ಅಂತಾವ್ರೆ."

"ಯಾರೇ ಹೇಳಿದ್ದು ನಿಂಗೆ? ಕಾಪು ಅಂದ್ರೆ ಮರ ಫಲ ಬಿಡೋದು ಕಣೇ. ಕಾವಲಿಗೆ ಕಾಪಲಾ ಅಂತೀವಿ. ನಿಂದು ಮಾಲೂರ್ ಬುದ್ಧಿ, ಕನ್ನಡದ್ ಕಾಪು ತಂದು ಇದಕ್ಕೆ ಹಾಕಿದ್ದೀಯ."

ಕಳಿಸಿದ್ದನ್ನು ತೆಗೆದು ನೋಡಿದೆ. ಆ ಮಾತು ಮೂರು ರೆಕಾರ್ಡಿಂಗಿನಲ್ಲಿ ನಾಲ್ಕು ಕಡೆ ಬಂದಿತ್ತು. ನಾಲ್ಕು ಕಡೆಯೂ ಕಾವಲಿಲ್ಲ ಎಂದೇ ಬರೆದಿದ್ದೆ. ಓದಿದವರಿಗೆ ಈ ಸೀಮೆಯಲ್ಲಿ ತೋಟಗಳಿಗೆ ಕಳ್ಳರು ನುಗ್ಗುತ್ತಾರೆ ಅಂತಲೇ ಅನ್ನಿಸಬೇಕು. ಆಕೆ ಇನ್ನೂ ನಕ್ಷತ್ರ ಕೊಟ್ಟಿರಲಿಲ್ಲ. ಮೊದಲ ಕೆಲಸದಲ್ಲೇ ಕೆಟ್ಟ ಮಾತು ಬಿದ್ದರೆ ಮುಂದೆ ಯಾರೂ ನನ್ನ ಹೆಸರು ಮುಟ್ಟುವುದಿಲ್ಲ ಎಂದು ಗೊತ್ತಿತ್ತು. ಸಂಜೆ ಗಂಡನಿಗೆ ಹೇಳಿದೆ.

"ಅವ್ರಿಗೇನು ಗೊತ್ತಾಗುತ್ತೆ, ಬಿಡು," ಅಂದರು. ನನ್ನ ಸಂಕಟ ನೋಡಲಾರದೆ ಅಂದದ್ದು ಅದು.

ಆದರೆ ಅವರಿಗೆ ಗೊತ್ತಾಗುವುದಿಲ್ಲ ಎನ್ನುವುದೇ ನನ್ನನ್ನು ಕೊರೆಯತೊಡಗಿತು. ಗೊತ್ತಾಗುವುದಿಲ್ಲ ಎಂದೇ ಅಲ್ಲವೇ ಆಕೆ ನನಗೆ ಕೊಟ್ಟದ್ದು. ಅಂಗಡಿಯಲ್ಲಿದ್ದಾಗ ಓದಲು ಬಾರದವರು ನಾನು ಟೈಪ್ ಮಾಡಿದ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಆಗ ಒಂದು ಸರ್ವೆ ನಂಬರು ತಪ್ಪಿದರೂ ಅಣ್ಣ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಓಡಿಸುತ್ತಿದ್ದರು, ಅವರು ಬಸ್ಸು ಹತ್ತುವ ಮುಂಚೆ ಹಿಡಿ ಅಂತ.

ಬೆಳಿಗ್ಗೆ ಎದ್ದವಳೇ ಬರೆದೆ. ಒಂದು ಪದವನ್ನು ತಪ್ಪಾಗಿ ತಿಳಿದಿದ್ದೆ, ನನ್ನ ಅತ್ತೆ ತಿದ್ದಿದರು, ನಾಲ್ಕೂ ಕಡೆ ಸರಿಮಾಡಿ ಕಳಿಸಿದ್ದೇನೆ, ಕ್ಷಮಿಸಿ. ಅವತ್ತು ಪೂರ್ತಿ ಉತ್ತರವಿಲ್ಲ. ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಮಾರನೆಯ ದಿನ ಆಕೆಯ ಉತ್ತರ ಬಂತು. ಕಳ್ಳತನದ ಬಗ್ಗೆ ಒಂದು ಪುಟ ಬರೆಯಲು ಶುರು ಮಾಡಿದ್ದೆ, ಈಗ ಅಳಿಸಿದೆ, ನೀವು ಹೇಳದಿದ್ದರೆ ನನಗೆ ತಿಳಿಯುವ ದಾರಿಯೇ ಇರಲಿಲ್ಲ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಇನ್ನೂ ಹನ್ನೊಂದು ರೆಕಾರ್ಡಿಂಗ್ ಇವೆ, ಮಾಡುತ್ತೀರಾ? ನನ್ನ ಪುಟದಲ್ಲಿ ಐದು ನಕ್ಷತ್ರ ಇದ್ದವು. ಕೆಳಗೆ ಒಂದು ಸಾಲು: 'ತಾನು ಮಾಡಿದ ತಪ್ಪನ್ನು ತಾನೇ ಬಂದು ಹೇಳಿದಳು.' ಪರದೆಯ ಮುಂದೆ ಕೂತು ಅತ್ತುಬಿಟ್ಟೆ. ಆ ಸಾಲಿನಿಂದ ನನಗೆ ಕೆಲಸವೂ ಬಂದಿದೆ, ಆಮೇಲೆ ಸಿಕ್ಕ ಗಿರಾಕಿಗಳಲ್ಲಿ ಇಬ್ಬರು ಅದನ್ನು ಓದಿಯೇ ನಿಮಗೆ ಬರೆಯುತ್ತಿದ್ದೇವೆ ಎಂದಿದ್ದಾರೆ.

ಆ ಹನ್ನೊಂದನ್ನೂ ಅತ್ತಮ್ಮ ನಾನು ಕೂಡಿಯೇ ಕೇಳಿದೆವು. ನಾನು ಬರೆದು ಮುಗಿಸುವುದು, ಮಧ್ಯಾಹ್ನ ಊಟವಾದ ಮೇಲೆ ಅವರು ಕೂತು ಒಮ್ಮೆ ಕೇಳುವುದು. ಒಂದರಲ್ಲಿ ಒಬ್ಬ ಮುದುಕಿ ಮಾತಾಡುತ್ತಿದ್ದರು. ಅತ್ತಮ್ಮ ರೆಕಾರ್ಡಿಂಗ್ ಅನ್ನುವುದನ್ನೇ ಮರೆತು ಆಕೆಗೆ ತೆಲುಗಿನಲ್ಲಿ ಉತ್ತರ ಕೊಡತೊಡಗಿದರು. ಅವರು ಓದಿದವರಲ್ಲ. ಸೊಸೆಯ ಕೆಲಸವನ್ನು ತಿದ್ದುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಹತ್ತು ವರ್ಷ ಒಂದೇ ಮನೆಯಲ್ಲಿದ್ದು ನಾವು ಆಡದಷ್ಟು ಮಾತನ್ನು ಆ ಒಂದು ತಿಂಗಳಲ್ಲಿ ಆಡಿದೆವು.

ಈಗ ನನಗೆ ಕಾಯಂ ಅನ್ನಬಹುದಾದ ಗಿರಾಕಿಗಳು ನಾಲ್ವರಿದ್ದಾರೆ. ಕೆಲಸವಿಲ್ಲದ ವಾರಗಳೂ ಇವೆ. ಹೊಸಬರಿಗೆ ಬರೆಯುವಾಗ ಈಗಲೂ ಅಳುಕುತ್ತೇನೆ. ಆದರೂ ಮೊದಲಿನ ಆ ಎರಡು ತಿಂಗಳನ್ನು ನೆನೆದರೆ, ಜಾಣತನಕ್ಕಿಂತ ಹೆಚ್ಚಾಗಿ ಜನ ನನ್ನನ್ನು ದಾಟಿಸಿದರು ಅಂತಲೇ ಅನ್ನಿಸುತ್ತದೆ.

ಅಧ್ಯಯನ ಮುಗಿಸುವಾಗ ಆಕೆ ಬರೆದರು, ಇದನ್ನು ಪುಸ್ತಕ ಮಾಡುತ್ತಿದ್ದೇನೆ, ಅದರಲ್ಲಿ ನೆರವಾದವರ ಹೆಸರುಗಳ ಜೊತೆ ನಿಮ್ಮದನ್ನೂ ನಿಮ್ಮ ಅತ್ತೆಯದನ್ನೂ ಹಾಕುತ್ತೇನೆ, ಒಪ್ಪಿಗೆಯೇ? ಅತ್ತಮ್ಮನನ್ನು ಕೇಳಿದೆ.

"ನನ್ ಹೆಸ್ರು ಯಾರಿಗ್ ಗೊತ್ತು ಅಲ್ಲಿ. ನಮ್ ತವರೂರ್ ಹೆಸ್ರು ಹಾಕ್ತಾರಾ ಕೇಳು."

ಕೇಳಿದೆ. ಎರಡನ್ನೂ ಹಾಕುತ್ತೇನೆ ಎಂದು ಆಕೆ ಒಪ್ಪಿದರು, ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅಂತಲೂ ಕೇಳಿದರು. ಪುಸ್ತಕ ಇನ್ನೂ ಅಚ್ಚಾಗಿ ಬಂದಿಲ್ಲ. ಅತ್ತಮ್ಮ ತವರಿಗೆ ಹೋದಾಗಲೆಲ್ಲ ಅಲ್ಲಿಯವರು ವಿಚಾರಿಸುತ್ತಾರಂತೆ. "ಬರುತ್ತೆ, ಬರುತ್ತೆ, ನಮ್ ಸೊಸೆ ತರ್ಸ್ತಾಳೆ," ಅಂತ ಹೇಳಿ ಬರುತ್ತಾರೆ.