ಕುತ್ತಿಗೆಯ ಮೇಲಿನ ಕೈ

ನಿನ್ನೆ ತಿರುವನಂತಪುರದ ನಮ್ಮ ಬೀದಿಯ ಕ್ಷೌರದಂಗಡಿಯವನು ಹಿಂದಿನ ಕೂದಲು ಕತ್ತರಿಸಲೆಂದು ನನ್ನ ಕುತ್ತಿಗೆಯ ಮೇಲೆ ಕೈಯಿಟ್ಟು ತಲೆಯನ್ನು ಮೆಲ್ಲಗೆ ಕೆಳಗೆ ಒತ್ತಿದ. ನನ್ನ ಬಾಯಿ ತಾನಾಗಿ ತೆರೆಯಿತು. ಇನ್ನೊಂದು ಗಳಿಗೆ ಹೋಗಿದ್ದರೆ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಪಕ್ಕದ ಗಿರಾಕಿಗೆ ವೇದಪಾಠವೇ ಆಗಿಬಿಡುತ್ತಿತ್ತು!

ನಗಬೇಡಿ. ತ್ರಿಪ್ಪುಣಿತ್ತುರದ ವೇದಪಾಠಶಾಲೆಯಲ್ಲಿ ನಮ್ಮ ಗುರುಗಳು ಸ್ವರ ಕಲಿಸುತ್ತಿದ್ದುದೇ ಹಾಗೆ. ಹಿಂದೆ ಕೂತು ಶಿಷ್ಯನ ಕುತ್ತಿಗೆ ಹಿಡಿಯುವುದು; ತಗ್ಗಿನ ಸ್ವರಕ್ಕೆ ತಲೆ ಕೆಳಗೆ, ಏರಿನದಕ್ಕೆ ಮೇಲೆ. ತಪ್ಪಿದರೆ ಹಿಡಿತ ಬಿಗಿಯಾಗುತ್ತಿತ್ತು. ಸರಿಯಾದರೆ ಕೈ ತೆಗೆಯುತ್ತಿದ್ದರು. ಹೊಗಳಿಕೆ ಅಂತ ಅವರ ಬಳಿ ಇದ್ದದ್ದು ಅಷ್ಟೇ. “ಪುಸ್ತಕ ಮುಚ್ಚಿಡು ಮಾರಾಯ, ಇದು ಕುತ್ತಿಗೆಗೆ ಇಳಿಯಬೇಕು,” ಅನ್ನುತ್ತಿದ್ದರು. ಸುತ್ತ ಬರೀ ಮಲಯಾಳ ಕೇಳುವ ಆ ಊರಿನಲ್ಲಿ, ಕಾಸರಗೋಡಿನಿಂದ ಹೋದ ನನಗೆ ಅವರ ಕನ್ನಡದ ಬೈಗುಳ ಕೇಳಿದರೇ ಊರಿಗೆ ಹೋಗಿ ಬಂದಂತಾಗುತ್ತಿತ್ತು.

ಒಮ್ಮೆ ವೈಟ್ಟಿಲದ ಬಸ್ಸಿನಲ್ಲಿ ಪಾಠ ನೆನೆಯುತ್ತ ತಲೆ ಆಡಿಸುತ್ತಿದ್ದ ನನ್ನನ್ನು ಕಂಡು ಕಂಡಕ್ಟರ್, “ಎಂದಾ ಮೋನೇ, ಕಳುತ್ತು ವೇದನೆಯೋ?” ಎಂದು ಮರುಗಿ ಸೀಟು ಕೊಡಿಸಿದ. ಕುತ್ತಿಗೆ ನೋವೆಂದೇ ಒಪ್ಪಿಕೊಂಡು ಕೂತೆ.

ಮುಂದೆ ನಾನು ಪೂಜೆಗೆ ನಿಲ್ಲದೆ ಇಲ್ಲಿ ತಿರುವನಂತಪುರದಲ್ಲಿ ಬ್ಯಾಂಕು ಸೇರಿದೆ. ಗುರುಗಳು ಬೇಸರಿಸಲಿಲ್ಲ. ಫೋನಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಇಲ್ಲಿಯ ಆಸ್ಪತ್ರೆಗೆ ತಂದರು. ನೋಡಲು ಹೋದರೆ ಮಗಳು ಶಾರದಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು.

“ಅಪ್ಪನಿಗೆ ನಮ್ಮ ಗುರ್ತ ಉಂಟಾ ಇಲ್ವಾ ಗೊತ್ತಾಗುದಿಲ್ಲ. ನೀನು ಸ್ವಲ್ಪ ಹೇಳಿ ನೋಡು ಮಾರಾಯ. ಪಾಠ ಆದ್ರೂ ಗೊತ್ತಾಗ್ತದಾ ಅಂತ.”

ಮಂಚಕ್ಕೆ ಬೆನ್ನು ಮಾಡಿ ನೆಲದಲ್ಲಿ ಕೂತು, ಅವರ ಸ್ವಾಧೀನವಿದ್ದ ಎಡಗೈಯನ್ನು ಕುತ್ತಿಗೆಯ ಮೇಲಿಟ್ಟುಕೊಂಡು ಶುರುಮಾಡಿದೆ. ಕೈ ಬೆಚ್ಚಗಿತ್ತು. ಆದರೆ ಸರಿಯಾಗಿ ಹೇಳುತ್ತ ಹೋದರೆ ಏನು ತಿಳಿಯುತ್ತದೆ? ಬೇಕೆಂದೇ ಒಂದು ಸ್ವರ ತಪ್ಪಿಸಿದೆ. ಊಟದ ನಡುವೆ ತಪ್ಪು ಕಿವಿಗೆ ಬಿದ್ದರೂ ತುತ್ತು ಬಿಟ್ಟು ಎದ್ದು ಬರುತ್ತಿದ್ದ ಮನುಷ್ಯ ಅವರು. ಹಿಡೀರಿ ಗುರುಗಳೇ, ಹಿಡೀರಿ ಎಂದು ಒಳಗೇ ಬೇಡಿಕೊಂಡೆ. ಇನ್ನೊಮ್ಮೆ, ಜೋರಾಗಿ, ತಪ್ಪಿಸಿದೆ.

“ಅಯ್ಯೋ, ತಪ್ಪಿತಲ್ಲಾ,” ಎಂದರು ಶಾರದಕ್ಕ. ಅಡುಗೆಮನೆಯಿಂದಲೇ ಕೇಳಿ ಕೇಳಿ ಕಲಿತವರು.

ಗುರುಗಳ ಕೈ ಮೆಲ್ಲಗೆ ಜಾರಿ ಬಿತ್ತು. ಸರಿಯಾದಾಗ ತೆಗೆಯುತ್ತಿದ್ದರಲ್ಲ, ಹಾಗೆಯೇ. ತಿರುಗಿ ನೋಡಿದೆ. ಕಣ್ಣು ನನ್ನ ಮೇಲೆಯೇ ಇತ್ತು, ಅದರಲ್ಲಿ ಅವರಿರಲಿಲ್ಲ. ಆಸ್ಪತ್ರೆಯೆಂದೂ ನೋಡದೆ ಅತ್ತುಬಿಟ್ಟೆ. ಮುಂದಿನ ವಾರ ಅವರು ತೀರಿಕೊಂಡರು.

“ಶರಿಯಾಯಿ ಸಾರ್,” ಎಂದು ಕ್ಷೌರದವನು ಕೈ ತೆಗೆದ. ನಾನು ತಲೆ ಎತ್ತಲಿಲ್ಲ. ತೆಗೀಬೇಡ ಮಾರಾಯ, ಇನ್ನೂ ಸರಿಯಾಗಿಲ್ಲ ಎಂದು ಅವನಿಗೆ ಹೇಳುವುದಾದರೂ ಹೇಗೆ?