ದಿನಕ್ಕೊಂದು ಹಿಡಿ ಮರಳು

ಹೈದರಾಬಾದಿನ ಕೊಂಡಾಪುರದಲ್ಲಿ ಐಟಿ ಕಟ್ಟಡಗಳು ಏಳುತ್ತಿದ್ದ ವರ್ಷ. ಸೈನ್ಯದಲ್ಲಿದ್ದ ನನ್ನ ತಮ್ಮ ಕಮಾಂಡೊ ಪಡೆಯ ಆಯ್ಕೆಗೆ ಹೆಸರು ಕೊಟ್ಟು, ಎರಡು ತಿಂಗಳ ರಜೆಯಲ್ಲಿ ಉಪ್ಪಲ್‌ನ ನಮ್ಮ ಮನೆಗೆ ಬಂದಿದ್ದ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ಇಪ್ಪತ್ತೈದು ಕಿಲೊ ಮರಳು ತೂಗಿಸಿ ಬೆನ್ನುಚೀಲಕ್ಕೆ ತುಂಬಿದ್ದ. ಅದನ್ನು ಹೊತ್ತು ದಿನಾ ಬೆಳಿಗ್ಗೆ ಓಡುತ್ತಿದ್ದ.

"ಅಣ್ಣಾ, ಈಗ ಚೀಲ ಹಗುರ ಅನಸಾಕತ್ತೈತಿ. ಮೈ ಗಟ್ಟಿ ಆಗೈತಿ ನೋಡು," ಎಂದ ಒಂದು ದಿನ.

"ಹಂಗಾದ್ರ ನಾಳೆ ಪೇಪರಿನ್ಯಾಗ ಹಾಕ್ತೀನಿ ತಗೊ," ಎಂದು ವರದಿಗಾರನಾಗಿದ್ದ ನಾನು ನಕ್ಕೆ.

ಆಯ್ಕೆಯ ಶಿಬಿರದಲ್ಲಿ ಪೂರ್ತಿ ಇಪ್ಪತ್ತೈದು ಕಿಲೊ ಹೊತ್ತು ನಡೆಯುವಾಗ ಅವನು ಮೂರನೆಯ ದಿನವೇ ಕುಸಿದ. ಹಳೆಯ ಪಲ್ಟನ್ನಿಗೆ ವಾಪಸ್ ಕಳಿಸಿದರು. "ನನ್ನ ಕೈಲಾಗಲಿಲ್ಲಣ್ಣಾ," ಎಂದಷ್ಟೇ ಫೋನಿನಲ್ಲಿ ಹೇಳಿದ.

ವಿಷಯ ತಿಳಿಸಿದಾಗ ಅವ್ವ ತುಳಸಿ ಕುಂಡದ ಕಡೆ ಕೈ ತೋರಿಸಿದಳು. ಅದರ ಬುಡದ ಸುತ್ತ ಮರಳಿನ ಗುಡ್ಡೆಯಿತ್ತು.

"ಅವನ ಹೆಗಲಿನ ಗಾಯ ನೋಡಲಾಗಲಿಲ್ಲಪ್ಪ. ಅಂವ ಜಳಕಕ್ಕ ಹೋದಾಗ ಚೀಲದಾಗಿಂದ ದಿನಾ ಒಂದು ಹಿಡಿ ತಗೀತಿದ್ದೆ. ಅವಗ ಹೇಳಬ್ಯಾಡ."

ನಾನು ಹೇಳಲಿಲ್ಲ. ತಮ್ಮ ಮತ್ತೆ ಹೆಸರು ಕೊಡಲಿಲ್ಲ. ತನ್ನ ಮೈಯಲ್ಲೇ ಅಷ್ಟು ಬಲವಿರಲಿಲ್ಲವೆಂದು ಇಂದಿಗೂ ನಂಬಿದ್ದಾನೆ.