ಸುಟ್ಟ ಎಲುಬಿನ ಊರು

ಕಣಗಲಾದಿಂದ ನಾಗನೂರಿಗೆ ಸೊಸೆಯಾಗಿ ಬಂದ ಭರಮವ್ವನ ತಲೆ ಇಲ್ಲೇ ಹಣ್ಣಾಗಿತ್ತು. ಗಂಡನ ಚಿತೆಯೂ ಈ ಊರ ಹೊಳೆದಂಡೆಯಲ್ಲೇ ಉರಿದಿತ್ತು. ಆದರೂ ಊರ ಬಾಯಲ್ಲಿ ಅವಳು ‘ಕಣಗಲಾದಾಕಿ’ಯೇ. ಬದುವಿನ ಜಗಳವಿರಲಿ, ನೀರಿನ ಸರದಿಯಿರಲಿ, ಅವಳು ಮಾತೆತ್ತಿದರೆ ಸಾಕು, “ವೈನಿ, ಹೊರಗಿನಾಕಿಗಿ ಈ ಊರ ಉಸಾಬರಿ ಯಾಕ?” ಎಂದು ಮೈದುನ ಬಾಳೇಶ ಬಾಯಿ ಮುಚ್ಚಿಸುತ್ತಿದ್ದ.

ಹೋದ ವರ್ಷ ಅವಳ ಕಬ್ಬಿನ ಹೊಲದಲ್ಲಿ ಸುಟ್ಟ ಎಲುಬು ತುಂಬಿದ ಗಡಿಗೆ ಸಿಕ್ಕಿತು. ಮೂರು ಸಾವಿರ ವರ್ಷ ಹಳೆಯದಂತೆ. ಎಲುಬನ್ನು ಪರೀಕ್ಷೆಗೆ ಒಯ್ದಿದ್ದ ಸಂಶೋಧಕಿ ಸರಿತಾ ಈಗ ಫಲಿತಾಂಶ ಹೇಳಲು ಬಂದಿದ್ದಳು. ಗಡಿಗೆ ಇಟ್ಟಿದ್ದ ಕಟ್ಟೆಯ ಸುತ್ತ ಜನ ಸೇರಿದ್ದರು.

“ಇವು ಹೆಣ್ಮಗಳ ಎಲುಬ್ರಿ. ಉಂಡ ಕಾಳು, ಕುಡಿದ ನೀರಿನ ಗುರುತು ಎಲುಬಿನ್ಯಾಗ ಉಳಿತೈತಿ, ಸುಟ್ಟರೂ ಹೋಗಂಗಿಲ್ಲ. ಕಿವಿ ಒಳಗಿನ ಎಲುಬು ಕೂಸಿದ್ದಾಗ ಬೆಳೆದದ್ದು, ಅದರಾಗ ಬ್ಯಾರೆ ಸೀಮಿ ಗುರುತೈತಿ. ಪಕ್ಕೆಲುಬಿನ್ಯಾಗ ಕಡೀ ವರ್ಷಗಳ ಗುರುತೈತಿ, ಅದು ಇಲ್ಲೀದು. ಈಕಿ ಎಲ್ಲೋ ಹುಟ್ಟಿ ಇಲ್ಲಿ ಬಾಳೇ ಮಾಡ್ಯಾಳ್ರಿ.”

ಬಾಳೇಶ ಎದ್ದು ಗಡಿಗೆಗೆ ಕೈಮುಗಿದ. “ಹಂಗಾರ ಈಕಿ ನಮ್ಮೂರ ಮೂಲ ತಾಯಿ. ಗುಡಿ ಕಟ್ಟೂಣು.”

ಭರಮವ್ವನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೈದುನನ ಎದುರು ನಿಂತಳು.

“ಎಲ್ಲಿಂದಲೋ ಬಂದಾಕಿ, ಹೆಸರು ಸೈತ ನಿನಗ ಗೊತ್ತಿಲ್ಲ, ಆಕಿ ನಿಮ್ಮೂರಾಕಿ. ನಿನಗ ರೊಟ್ಟಿ ಬಡದು ನೀಡಿದ ನಾ ಹೊರಗಿನಾಕಿ. ನಾನೂ ಈ ಊರಾಕಿ ಅನ್ನಾಕ ಮೊದಲ ನನ್ನ ಸುಡಬೇಕೇನೋ, ಬಾಳೇಶ?”